ಹಸಿವಿಲ್ಲದ ಮೀನಿಗೆ ತೂಕವಿಲ್ಲದ ಗಾಳ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಈಗ ಊರಿಗೆ ಒಂದೆರಡು ಮನೆಯ ಮಕ್ಕಳಾದರೂ ಕೆನಡಾ, ಸ್ಕಾಟ್ಲೆಂಡ್, ನಾರ್ವೆ ಅಂತ ಹೋಗಿದ್ದಾರೆ. ಅಲ್ಲಿಂದ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಬರುವ ವಿಡಿಯೋಗಳಲ್ಲಿ ಒಂದು ತರಹದ್ದು ಈಚೆಗೆ ಜಾಸ್ತಿಯಾಗಿದೆ. ಹುಡುಗ ಸೊಂಟಮಟ್ಟ ನೀರಿನಲ್ಲಿ ನಿಂತಿರುತ್ತಾನೆ. ಉದ್ದದ ಕೋಲು ಹಿಡಿದು ತಲೆಯ ಮೇಲೆ ಹಳದಿ ಹಗ್ಗದಂಥದ್ದೇನನ್ನೋ ಹಿಂದಕ್ಕೂ ಮುಂದಕ್ಕೂ ಬೀಸುತ್ತಿರುತ್ತಾನೆ. ಬೀಸಿ ಬೀಸಿ ಕೊನೆಗೊಂದು ಬೆಳ್ಳಿ ಬಣ್ಣದ ದೊಡ್ಡ ಮೀನು ಸಿಗುತ್ತದೆ. ಅದನ್ನು ಒಂದು ಗಳಿಗೆ ಎತ್ತಿ ತೋರಿಸಿ ವಾಪಸ್ ನೀರಿಗೇ ಬಿಟ್ಟುಬಿಡುತ್ತಾನೆ.

ಇಲ್ಲಿ ಕೂತು ನೋಡುವವರಿಗೆ ತಲೆ ಕೆಡುತ್ತದೆ. ಹಗ್ಗ ಬೀಸೋದು ಯಾಕೆ? ಎರೆಹುಳು ಸಿಕ್ಕಿಸಿ ದಡದಲ್ಲಿ ಕೂತರೆ ಆಗಲ್ವಾ? ಬಿಡೋದೇ ಆಗಿದ್ದರೆ ಹಿಡಿಯೋದು ಯಾಕೆ?

ಇದಕ್ಕೆ ಫ್ಲೈ ಫಿಶಿಂಗ್ ಅನ್ನುತ್ತಾರೆ. ಫ್ಲೈ ಅಂದರೆ ಎರೆಹುಳುವಿನ ಬದಲು ಗರಿ, ಕೂದಲು ಸುತ್ತಿದ ಕೊಕ್ಕೆ. ಮೇಲಿನ ಪ್ರಶ್ನೆಗಳಿಗೆಲ್ಲ ಉತ್ತರ ಇದೆ. ಆದರೆ ಕೋಲು, ಹಗ್ಗದ ಸುದ್ದಿಗೆ ಹೋಗುವ ಮೊದಲು ಆ ಮೀನು ಹೇಗೆ ಬದುಕುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಉಳಿದದ್ದು ಸುಲಭ.

ಸಾಲ್ಮನ್ ಯಾವುದು, ಟ್ರೌಟ್ ಯಾವುದು

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಕರಾವಳಿಯಿಂದ ಘಟ್ಟ ಹತ್ತಿ ಬರುವ ರಾವಸ್ ಮೀನನ್ನು ಕೆಲವು ಹೋಟೆಲುಗಳ ಪಟ್ಟಿಯಲ್ಲಿ ‘ಇಂಡಿಯನ್ ಸಾಲ್ಮನ್’ ಅಂತ ಬರೆದಿರುತ್ತಾರೆ. ರಾವಸ್ ಒಳ್ಳೆಯ ಮೀನೇ, ಆದರೆ ಸಾಲ್ಮನ್ ಕುಟುಂಬಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುವ ಕಿತ್ತಳೆ ಬಣ್ಣದ ತುಂಡು ನಿಜವಾದ ಸಾಲ್ಮನ್. ಅದೂ ಹೊಳೆಯಲ್ಲಿ ಹಿಡಿದದ್ದಲ್ಲ. ಹೆಚ್ಚಾಗಿ ನಾರ್ವೆಯಂಥ ಕಡೆ ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಸಾಕಿದ್ದು.

ಸಾಲ್ಮನ್, ಟ್ರೌಟ್ ಎರಡೂ ಒಂದೇ ಕುಟುಂಬದ ತಣ್ಣೀರಿನ ಮೀನುಗಳು. ಅಟ್ಲಾಂಟಿಕ್ ಸಾಗರದ ಕಡೆ ಇರೋದು ಒಂದೇ ಜಾತಿಯ ಸಾಲ್ಮನ್. ಪೆಸಿಫಿಕ್ ಕಡೆಗೆ ಹೋದರೆ ಉತ್ತರ ಅಮೆರಿಕದ ದಡದಲ್ಲೇ ಚಿನೂಕ್, ಕೋಹೋ, ಸಾಕೈ, ಪಿಂಕ್, ಚಮ್ ಅಂತ ಐದು ಜಾತಿ. ಟ್ರೌಟ್‌ಗಳಲ್ಲಿ ಹೆಸರಾದದ್ದು ಎರಡು, ಯುರೋಪಿನ ಬ್ರೌನ್ ಟ್ರೌಟ್ ಮತ್ತು ಪೆಸಿಫಿಕ್ ದಡದ ರೈನ್‌ಬೋ ಟ್ರೌಟ್. ಹೆಸರು ನೋಡಿ ಇವೆರಡನ್ನೂ ಅಣ್ಣತಮ್ಮ ಅಂದುಕೊಳ್ಳಬೇಡಿ. ಬ್ರೌನ್ ಟ್ರೌಟ್ ಅಟ್ಲಾಂಟಿಕ್ ಸಾಲ್ಮನ್‌ಗೆ ಹತ್ತಿರದ್ದು, ರೈನ್‌ಬೋ ಪೆಸಿಫಿಕ್ ಸಾಲ್ಮನ್‌ಗಳಿಗೆ ಹತ್ತಿರದ್ದು.

ಇನ್ನೊಂದು ಸೋಜಿಗ. ಬ್ರೌನ್ ಟ್ರೌಟ್‌ಗಳಲ್ಲಿ ಕೆಲವು ಹುಟ್ಟಿದ ಹಳ್ಳದಲ್ಲೇ ಇದ್ದು ಸಾಯುತ್ತವೆ. ಕೆಲವು ಸಮುದ್ರಕ್ಕೆ ಹೋಗಿ, ತಿಂದು ಕೊಬ್ಬಿ, ಬೆಳ್ಳಿ ಬಣ್ಣಕ್ಕೆ ತಿರುಗಿ ವಾಪಸ್ ಬರುತ್ತವೆ. ಹಾಗೆ ಹೋಗಿ ಬಂದದ್ದಕ್ಕೆ ಸೀ ಟ್ರೌಟ್ ಅನ್ನುತ್ತಾರೆ. ರೈನ್‌ಬೋ ಹೋಗಿ ಬಂದರೆ ಅದು ಸ್ಟೀಲ್‌ಹೆಡ್. ಜಾತಿ ಒಂದೇ, ಬದುಕುವ ದಾರಿ ಬೇರೆ.

ಸಮುದ್ರದಿಂದ ಹತ್ತಿ ಬರುವ ಮೀನು

ಮಲೆನಾಡಿನವರಿಗೆ ಹತ್ತುಮೀನು ಹೊಸದಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ, ಹಳ್ಳದಿಂದ ತೋಡು ಹತ್ತಿ, ಗದ್ದೆಯ ಕೆಂಪು ನೀರಿಗೆ ಬಂದು ಮೊಟ್ಟೆ ಇಡುತ್ತದೆ. ಬ್ಯಾಟರಿ, ಕೂಣಿ ಹಿಡಿದು ರಾತ್ರಿಯೆಲ್ಲ ಗದ್ದೆ ಬದುವಿನ ಮೇಲೆ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲ್ಮನ್ ಮಾಡೋದೂ ಇದನ್ನೇ. ಅದು ಹತ್ತೋದಕ್ಕೆ ಶುರು ಮಾಡೋದು ಸಮುದ್ರದಿಂದ, ಅಷ್ಟೇ.

ಅಟ್ಲಾಂಟಿಕ್ ಸಾಲ್ಮನ್‌ನ ಕತೆ ತೆಗೆದುಕೊಳ್ಳೋಣ. ಚಳಿಗಾಲದ ಹೊತ್ತಿಗೆ ಹೊಳೆಯ ಮೇಲ್ಭಾಗದ ತಣ್ಣನೆಯ, ಚೊಕ್ಕ ನೀರಿನಲ್ಲಿ ಹೆಣ್ಣು ಮೀನು ಬಾಲದಿಂದ ಜಲ್ಲಿಕಲ್ಲನ್ನು ಬಡಿದು ಗುಂಡಿ ಮಾಡಿ ಮೊಟ್ಟೆ ಇಡುತ್ತದೆ. ಗಂಡು ಅದರ ಮೇಲೆ ವೀರ್ಯ ಬಿಟ್ಟ ಮೇಲೆ ಹೆಣ್ಣೇ ಮತ್ತೆ ಕಲ್ಲು ಸರಿಸಿ ಮುಚ್ಚುತ್ತದೆ. ಕಲ್ಲುಗಳ ಸಂದಿನಲ್ಲಿ ನೀರು ಹರಿಯುತ್ತಲೇ ಇರಬೇಕು. ಹೂಳು ತುಂಬಿದರೆ ಮೊಟ್ಟೆಗಳಿಗೆ ಉಸಿರು ಕಟ್ಟುತ್ತದೆ. ಬೇಸಿಗೆಯ ಮುಂಚೆ ಮರಿ ಹೊರಬರುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷ, ಮೈಮೇಲೆ ಬೆರಳಚ್ಚಿನ ಹಾಗೆ ಕಪ್ಪು ಗುರುತು ಇಟ್ಟುಕೊಂಡು, ಹುಳಹುಪ್ಪಟೆ ತಿಂದು ಹೊಳೆಯಲ್ಲೇ ಬೆಳೆಯುತ್ತದೆ.

ಆಮೇಲೆ ಒಂದು ವಸಂತದಲ್ಲಿ ಮೈ ಬದಲಾಗುತ್ತದೆ. ಗುರುತು ಮಾಸಿ ಬೆಳ್ಳಗಾಗುತ್ತದೆ. ಸಿಹಿನೀರಿನ ಮೀನು ಉಪ್ಪುನೀರಿಗೆ ಹೋದರೆ ಮೈಯೊಳಗಿನ ನೀರು ಆಚೆ ಹೋಗಿ ಒಣಗುತ್ತದೆ. ಅದಕ್ಕೇ ಕಿವಿರು, ಮೂತ್ರಪಿಂಡ ಎಲ್ಲವೂ ಮುಂಚೆಯೇ ಉಪ್ಪಿಗೆ ತಯಾರಾಗುತ್ತವೆ. ಈ ಹಂತದ ಮೀನಿಗೆ ಸ್ಮೋಲ್ಟ್ ಅಂತ ಹೆಸರು. ಅದು ಹೊಳೆ ಇಳಿದು, ಅಳಿವೆ ದಾಟಿ, ಗ್ರೀನ್‌ಲ್ಯಾಂಡ್, ನಾರ್ವೆಯ ಕಡಲಿನವರೆಗೂ ಹೋಗಿ ಮೇಯುತ್ತದೆ. ಒಂದು ವರ್ಷಕ್ಕೇ ವಾಪಸಾದರೆ ಎರಡು ಮೂರು ಕಿಲೋ ಇರಬಹುದು. ಎರಡು ಮೂರು ವರ್ಷ ಅಲ್ಲೇ ಇದ್ದು ಬಂದರೆ ಬಹಳ ದೊಡ್ಡದಿರುತ್ತದೆ. ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಸಾಲ್ಮನ್ 64 ಪೌಂಡ್, ಅಂದರೆ ಸುಮಾರು 29 ಕಿಲೋ. 1922ರಲ್ಲಿ ಸ್ಕಾಟ್ಲೆಂಡಿನ ಟೇ ಹೊಳೆಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಹೆಣ್ಣುಮಗಳು ಹಿಡಿದದ್ದು. ಆ ದಾಖಲೆ ಇನ್ನೂ ಮುರಿದಿಲ್ಲ. (ಅದು ಸಿಕ್ಕಿದ್ದು ಫ್ಲೈಗಲ್ಲ, ಸಣ್ಣ ಮೀನಿನ ಗಾಳಕ್ಕೆ.)

ಇಷ್ಟು ದೂರ ಹೋದ ಮೀನು ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ. ಹೇಗೆ? ತೆರೆದ ಸಮುದ್ರದಲ್ಲಿ ಭೂಮಿಯ ಕಾಂತಶಕ್ತಿ ದಾರಿ ತೋರಿಸುತ್ತದೆ ಅನ್ನೋದಕ್ಕೆ ಆಧಾರಗಳಿವೆ. ದಡದ ಹತ್ತಿರ ಬಂದ ಮೇಲೆ ಕೆಲಸ ಮಾಡೋದು ಮೂಗು. ಪ್ರತಿ ಹೊಳೆಯ ಮಣ್ಣು, ಗಿಡ, ಕಲ್ಲಿಗೆ ತಕ್ಕಂತೆ ಅದರ ನೀರಿಗೆ ಅದರದೇ ವಾಸನೆ. ಮರಿ ಸಮುದ್ರಕ್ಕೆ ಇಳಿಯುವ ಮುಂಚೆ ಆ ವಾಸನೆ ತಲೆಯಲ್ಲಿ ಅಚ್ಚಾಗಿರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಮತ್ತು ಜೊತೆಗಾರರು 1950ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿದರು. ವಾಪಸ್ ಬಂದಿದ್ದ ಕೋಹೋ ಸಾಲ್ಮನ್‌ಗಳನ್ನು ಹಿಡಿದು, ಕೆಲವಕ್ಕೆ ಮೂಗಿನ ಹೊಳ್ಳೆ ಮುಚ್ಚಿ, ಹೊಳೆ ಎರಡಾಗುವ ಜಾಗದ ಕೆಳಗೆ ಬಿಟ್ಟರು. ಮೂಗು ತೆರೆದಿದ್ದ ಮೀನುಗಳು ತಮ್ಮ ಕವಲನ್ನೇ ಹಿಡಿದವು. ಮೂಗು ಮುಚ್ಚಿದ್ದವು ದಾರಿ ತಪ್ಪಿದವು.

ಸಮುದ್ರ ಸೇರುವ ಹೊಳೆಯಲ್ಲಿ ಗಾಳದವರು ಕಾಯೋದು ಈ ವಾಪಸಾತಿಗೆ. ಸ್ಕಾಟ್ಲೆಂಡಿನ ಟೇ, ಸ್ಪೇ, ಟ್ವೀಡ್, ಡೀ, ನಾರ್ವೆಯ ಆಲ್ಟಾ, ಕೆನಡಾದ ಸ್ಕೀನಾ, ಮಿರಮಿಶಿ ಎಲ್ಲವೂ ಇಂಥ ಹೊಳೆಗಳು. ನಮ್ಮಲ್ಲಿ ತುಂಗೆ, ಭದ್ರೆ, ಹೇಮಾವತಿ ಪೂರ್ವಕ್ಕೆ ಹರಿದು ಬಯಲು ಸುತ್ತಿ ಹೋಗುತ್ತವೆ. ಅಲ್ಲಿಯ ಹೊಳೆಗಳ ಅಂದಾಜು ಬೇಕಾದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಬೆಟ್ಟದಲ್ಲಿ ಹುಟ್ಟಿ ಮಂಗಳೂರಿನ ಅಳಿವೆಗೆ ಇಳಿಯುವ ನೇತ್ರಾವತಿಯನ್ನು ನೆನಪಿಸಿಕೊಳ್ಳಿ. ಉಬ್ಬರದ ನೀರಿನ ಜೊತೆ ಮೀನು ಅಳಿವೆಗೆ ಬಂದು ನಿಲ್ಲುತ್ತದೆ. ಮಳೆ ಬಿದ್ದು ಹೊಳೆ ಏರುವವರೆಗೆ ಕೆಲವು ಸಲ ಅಲ್ಲೇ ಕಾಯುತ್ತದೆ. ನೀರು ಏರಿತೋ, ಹತ್ತುತ್ತದೆ. ಏರಿದ ನೀರು ಇಳಿಯುತ್ತಾ ತಿಳಿಯಾಗುತ್ತಿರುವ ಒಂದೆರಡು ದಿನ ಗಾಳ ಹಾಕೋದಕ್ಕೆ ಒಳ್ಳೆಯ ಹೊತ್ತು ಅಂತ ಅಲ್ಲಿಯವರು ಹೇಳುತ್ತಾರೆ. ಆಗಷ್ಟೇ ಸಮುದ್ರದಿಂದ ಬಂದ ಮೀನನ್ನು ಗುರುತಿಸೋದೂ ಸುಲಭ, ಮೈಮೇಲೆ ಸಮುದ್ರದ ಹೇನು ಅಂಟಿಕೊಂಡಿರುತ್ತವೆ. ಸಿಹಿನೀರಿನಲ್ಲಿ ಆ ಹೇನುಗಳು ಕೆಲವೇ ದಿನಗಳಲ್ಲಿ ಉದುರಿಹೋಗುತ್ತವೆ.

ಮೊಟ್ಟೆ ಇಟ್ಟ ಮೇಲೆ ಪೆಸಿಫಿಕ್‌ನ ಆ ಐದೂ ಜಾತಿಗಳು ಸತ್ತೇ ಹೋಗುತ್ತವೆ. ಒಂದೂ ಉಳಿಯೋದಿಲ್ಲ. ಸತ್ತ ಮೀನನ್ನು ಕರಡಿ, ಹದ್ದು ಎಳೆದು ಕಾಡಿಗೆ ಒಯ್ಯುತ್ತವೆ. ಸಮುದ್ರದ ಸಾರಜನಕ ಹೊಳೆದಂಡೆಯ ಮರಗಳಲ್ಲಿ ಸಿಗುತ್ತದೆ ಅಂದರೆ ಲೆಕ್ಕ ಹಾಕಿ, ಗೊಬ್ಬರ ಎಲ್ಲಿಂದ ಎಲ್ಲಿಗೆ ಬಂತು ಅಂತ. ಅಟ್ಲಾಂಟಿಕ್ ಸಾಲ್ಮನ್‌ಗಳಲ್ಲಿ ಬಹಳಷ್ಟು ಸಾಯುತ್ತವೆ, ಕೆಲವು ಸಮುದ್ರಕ್ಕೆ ಮರಳಿ ಇನ್ನೊಮ್ಮೆ ಬರುತ್ತವೆ.

ಹೊಟ್ಟೆಗೆ ಬೇಡ, ಆದರೂ ಬಾಯಿ ಹಾಕುತ್ತದೆ

ಇಡೀ ಆಟದ ವಿಚಿತ್ರ ಇರೋದು ಇಲ್ಲಿ. ಹೊಳೆ ಹತ್ತುವ ಸಾಲ್ಮನ್ ಊಟ ಬಿಟ್ಟಿರುತ್ತದೆ. ಸಮುದ್ರದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ತಿಂಗಳುಗಟ್ಟಲೆ ಬದುಕುತ್ತದೆ. ಜಠರ ಕುಗ್ಗಿಹೋಗಿರುತ್ತದೆ. ಇಂಥ ಮೀನು ಗಾಳಕ್ಕೆ ಯಾಕೆ ಬಾಯಿ ಹಾಕಬೇಕು?

ನೂರಾರು ವರ್ಷದಿಂದ ಜನ ಇದರ ಮೇಲೆ ವಾದ ಮಾಡುತ್ತಿದ್ದಾರೆ. ಮರಿಯಾಗಿದ್ದಾಗ ಹುಳ ಹಿಡಿಯುತ್ತಿದ್ದ ಅಭ್ಯಾಸ ಎದ್ದು ಬರುತ್ತದೆ ಅನ್ನುವವರು ಕೆಲವರು. ತಾನು ನಿಂತ ಜಾಗಕ್ಕೆ ಬಂದದ್ದನ್ನು ಓಡಿಸೋದಕ್ಕೆ ಕಚ್ಚುತ್ತದೆ ಅನ್ನುವವರು ಕೆಲವರು. ಎದುರಿಗೆ ಏನೋ ತಪ್ಪಿಸಿಕೊಂಡು ಹೋದಂತಾದರೆ ಬೇಟೆಯ ಮೀನಿನ ಬಾಯಿ ತಾನಾಗಿ ತೆರೆಯುತ್ತದೆ ಅನ್ನೋದು ಇನ್ನೊಂದು ಮಾತು. ಒಂದೇ ಕಾರಣ ಇರಬೇಕು ಅಂತಲೂ ಇಲ್ಲ.

ಕಾರಣ ಏನೇ ಇರಲಿ, ಪರಿಣಾಮ ಸ್ಪಷ್ಟ. ಸಾಲ್ಮನ್‌ಗೆ ಹಾಕುವ ಫ್ಲೈ ಯಾವ ಹುಳದ ಹಾಗೂ ಇರಬೇಕಾಗಿಲ್ಲ. ಕೆಂಪು, ಹಳದಿ, ನೀಲಿ ಗರಿ, ಮಿರುಗುವ ತಗಡಿನ ಎಳೆ, ಎಲ್ಲ ಸೇರಿದ ಅಲಂಕಾರ. ಕಣ್ಣಿಗೆ ಬಿದ್ದು ಮೀನನ್ನು ಕೆಣಕಿದರೆ ಸಾಕು. ಹಾಕುವ ರೀತಿಯೂ ಹಾಗೇ. ಹೊಳೆಗೆ ಅಡ್ಡಲಾಗಿ, ಸ್ವಲ್ಪ ಕೆಳಮುಖವಾಗಿ ಎಸೆಯುತ್ತಾರೆ. ನೀರಿನ ಸೆಳೆತಕ್ಕೆ ಫ್ಲೈ ಕಮಾನಿನಂತೆ ಬಳಸಿ ತಮ್ಮ ದಡದ ಕಡೆ ಬರುತ್ತದೆ. ಮೀನು ಬಾಯಿ ಹಾಕದಿದ್ದರೆ ಒಂದು ಹೆಜ್ಜೆ ಕೆಳಗೆ ಇಟ್ಟು ಮತ್ತೆ ಎಸೆತ. ಮಡುವಿನ ಉದ್ದಕ್ಕೂ ಹೀಗೇ. ದಿನವಿಡೀ ಏನೂ ಸಿಗದೆ ಇರೋದು ಮಾಮೂಲು. ಬಾಯಿ ಹಾಕಿದ ತಕ್ಷಣ ಎಳೆಯಲೂಬಾರದು. ಮೀನು ತಿರುಗಿಕೊಳ್ಳುವವರೆಗೆ ತಡೆದರೆ ಕೊಕ್ಕೆ ಬಾಯಿಯ ಮೂಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಟ್ರೌಟ್ ಮಾತ್ರ ಲೆಕ್ಕಾಚಾರದ ಮೀನು

ಹಳ್ಳದ ಟ್ರೌಟ್‌ಗೆ ಹಸಿವು ಇದೆ. ಅದರ ಊಟದಲ್ಲಿ ದೊಡ್ಡ ಪಾಲು ನೀರಿನ ಹುಳಗಳು. ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ ಎಂಬ ಹುಳಗಳು ಬದುಕಿನ ಬಹುಪಾಲು ಕಳೆಯೋದು ನೀರಿನಡಿಯ ಕಲ್ಲಿನಲ್ಲಿ. ರೆಕ್ಕೆ ಬಂದ ಮೇಲೆ ಮೇಫ್ಲೈಗೆ ಬಾಯಿಯೇ ಕೆಲಸ ಮಾಡಲ್ಲ. ಕೂಡಿ, ಮೊಟ್ಟೆ ಇಟ್ಟು, ಒಂದೆರಡು ದಿನದೊಳಗೆ ಸಾಯುತ್ತದೆ. ಒಂದೇ ಜಾತಿಯ ಸಾವಿರಾರು ಹುಳ ಒಂದೇ ಸಂಜೆ ನೀರಿನಿಂದ ಏಳುತ್ತವೆ. ಆ ಹೊತ್ತಿಗೆ ಟ್ರೌಟ್ ಅದೊಂದನ್ನೇ ಆರಿಸಿ ತಿನ್ನುತ್ತದೆ, ಬೇರೆಯದನ್ನು ಮೂಸಿಯೂ ನೋಡೋದಿಲ್ಲ. ಅದಕ್ಕೇ ಟ್ರೌಟ್ ಹಿಡಿಯುವವರು ಮೊದಲು ನೀರು ನೋಡುತ್ತಾರೆ. ಯಾವ ಹುಳ ಎದ್ದಿದೆ, ಎಷ್ಟು ಗಾತ್ರ, ಯಾವ ಬಣ್ಣ ಅಂತ ತಿಳಿದು ಡಬ್ಬಿಯಿಂದ ಅಂಥದ್ದನ್ನೇ ತೆಗೆದು ಕಟ್ಟುತ್ತಾರೆ.

ನೀರಿನ ಮೇಲೆ ತೇಲುವ ಹುಳದ ನಕಲು ಡ್ರೈ ಫ್ಲೈ. ನೀರಿನಡಿಯ ಮರಿಹುಳದ ನಕಲು ನಿಂಫ್. ಸಣ್ಣ ಮೀನಿನ ಹಾಗೆ ಕಾಣಿಸುವ ಉದ್ದನೆಯದು ಸ್ಟ್ರೀಮರ್. ಇವಿಷ್ಟು ಗೊತ್ತಿದ್ದರೆ ಮಕ್ಕಳ ಮಾತು ಅರ್ಧ ಅರ್ಥವಾಗುತ್ತದೆ.

ಟ್ರೌಟ್ ಯಾವಾಗಲೂ ಹರಿವಿಗೆ ಮುಖ ಮಾಡಿ, ಕಲ್ಲಿನ ಮರೆಯಲ್ಲಿ, ನೀರಿನ ಹೊಡೆತ ಕಮ್ಮಿ ಇರುವ ಜಾಗದಲ್ಲಿ ನಿಲ್ಲುತ್ತದೆ. ಊಟ ತೇಲಿ ಅದರ ಬಾಯಿಗೇ ಬರುತ್ತದೆ. ಹಾಗಾಗಿ ಡ್ರೈ ಫ್ಲೈ ಹಾಕುವವರು ಮೀನಿನ ಬೆನ್ನ ಹಿಂದೆ ನಿಂತು ಮೇಲ್ಮುಖವಾಗಿ ಎಸೆಯುತ್ತಾರೆ. ನಕಲಿ ಹುಳ ನೀರಿನ ಜೊತೆಗೇ, ನೀರಿನ ವೇಗದಲ್ಲೇ ಬರಬೇಕು. ದಾರ ಒಂಚೂರು ಎಳೆದು ಹುಳ ಅಡ್ಡ ಜಾರಿತೋ, ಮುಗಿಯಿತು. ಸಾಲ್ಮನ್‌ಗೆ ಎಳೆತವೇ ಆಸೆ, ಟ್ರೌಟ್‌ಗೆ ಎಳೆತವೇ ಅನುಮಾನ. ಸೀ ಟ್ರೌಟ್ ಇನ್ನೂ ಅಂಜುಬುರುಕ. ಸ್ಕಾಟ್ಲೆಂಡ್, ವೇಲ್ಸ್ ಕಡೆ ಬೇಸಿಗೆಯಲ್ಲಿ ಅದನ್ನು ಕತ್ತಲಾದ ಮೇಲೆಯೇ ಹಿಡಿಯೋದು ವಾಡಿಕೆ.

ಹಗ್ಗ ಬೀಸೋದು ಯಾಕೆ

ನಾವು ಎರೆಹುಳುವಿನ ಗಾಳ ಎಸೆಯುವಾಗ ಸಣ್ಣ ಸೀಸದ ಗುಂಡನ್ನೋ ಕಲ್ಲನ್ನೋ ಕಟ್ಟುತ್ತೇವೆ. ತೂಕ ಮುಂದೆ ಹೋಗುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈಗೆ ತೂಕವೇ ಇಲ್ಲ, ಅದು ಕೊಕ್ಕೆಗೆ ಸುತ್ತಿದ ಒಂದಿಷ್ಟು ಗರಿ, ಕೂದಲು. ಎಸೆದರೆ ಕಾಲ ಬುಡಕ್ಕೇ ಬೀಳುತ್ತದೆ. ತೂಕ ಕಟ್ಟಿದರೆ ನೀರಿಗೆ ದೊಪ್ಪನೆ ಬಿದ್ದು ಮೀನು ಓಡಿಹೋಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ, ತೂಕವನ್ನು ದಾರಕ್ಕೇ ಹಾಕೋದು. ವಿಡಿಯೋದಲ್ಲಿ ಕಾಣುವ ಹಳದಿ ಹಗ್ಗ ಅದೇ. ಪ್ಲಾಸ್ಟಿಕ್ ಲೇಪ ಹಾಕಿದ ದಪ್ಪ ದಾರ, ಸುಮಾರು 25ರಿಂದ 30 ಮೀಟರ್ ಉದ್ದ. ಅದರ ತುದಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ನೈಲಾನ್ ಎಳೆ, ಅದಕ್ಕೆ ಲೀಡರ್ ಅಂತ ಹೆಸರು. ಲೀಡರಿನ ತುದಿಗೆ ಫ್ಲೈ. ಗಾಳಿಯಲ್ಲಿ ಹಾರಿ ಹೋಗೋದು ಹಗ್ಗ. ಫ್ಲೈ ಅದರ ಬಾಲ ಹಿಡಿದುಕೊಂಡು ಹೋಗುತ್ತದೆ.

ಎತ್ತು ಕಟ್ಟಿ ಉತ್ತವರಿಗೆ ಇದು ಬಾರುಕೋಲಿನ ಕೆಲಸ. ಬಾರುಕೋಲನ್ನು ಬೀಸಿ ತಟ್ಟನೆ ಕೈ ನಿಲ್ಲಿಸಿದರೆ ಕೋಲು ನಿಲ್ಲುತ್ತದೆ, ಬಾರು ಮಾತ್ರ ಬಿಚ್ಚಿಕೊಳ್ಳುತ್ತಾ ಮುಂದೆ ಹೋಗಿ ತುದಿಯಲ್ಲಿ ಚಟೀರ್ ಅನ್ನುತ್ತದೆ. ಬಾರು ತುದಿಗೆ ಹೋದಹಾಗೆ ತೆಳುವಾಗಿರುತ್ತದಲ್ಲ, ಬೀಸಿದ ಬಲವೆಲ್ಲ ಅಲ್ಲಿಗೆ ಹೋಗಿ ಸೇರುತ್ತದೆ. ಈ ಹಳದಿ ಹಗ್ಗವೂ ತುದಿಗೆ ಹೋದಂತೆ ತೆಳುವಾಗುತ್ತದೆ, ಕಾರಣ ಅದೇ. ವ್ಯತ್ಯಾಸ ಇಷ್ಟು: ಇಲ್ಲಿ ಚಟೀರ್ ಅಂದರೆ ತಪ್ಪಾಯಿತು ಅಂತ ಅರ್ಥ. ಹಿಂದಕ್ಕೆ ಬೀಸಿದ ಹಗ್ಗ ಪೂರ್ತಿ ನೆಟ್ಟಗಾಗುವ ಮೊದಲೇ ಮುಂದಕ್ಕೆ ಎಳೆದರೆ ಆ ಸದ್ದು ಬಂದು ಫ್ಲೈ ಕಿತ್ತುಹೋಗುತ್ತದೆ. ಹಿಂದೆ ಬೀಸು, ನಿಲ್ಲಿಸು, ಕಾಯಿ, ಮುಂದೆ ಬೀಸು, ನಿಲ್ಲಿಸು. ಈ ‘ಕಾಯಿ’ ಅನ್ನೋದನ್ನು ಕಲಿಯೋದೇ ಕಷ್ಟ. ತೋಳಿನ ಬಲ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರಲ್ಲ. ಕೋಲು ಬಾಗಿ, ಬಾಗಿದ್ದು ಬಿಡಿಸಿಕೊಳ್ಳುವ ಬಲವೇ ಹಗ್ಗವನ್ನು ಒಯ್ಯುತ್ತದೆ. ಅದಕ್ಕೇ ಸಣ್ಣ ಮೈಕಟ್ಟಿನವರೂ ಚೆನ್ನಾಗಿ ಎಸೆಯುತ್ತಾರೆ.

ಟ್ರೌಟ್‌ಗೆ ಸುಮಾರು 9 ಅಡಿಯ ಒಂದು ಕೈ ಕೋಲು. ಸಾಲ್ಮನ್ ಹೊಳೆ ಅಗಲ, ಮೀನೂ ದೊಡ್ಡದು, ಅಲ್ಲಿಗೆ 12ರಿಂದ 15 ಅಡಿಯ ಎರಡು ಕೈ ಕೋಲು. ಹಿಂದೆ ಬಿದಿರನ್ನು ಸೀಳಿ ಅಂಟಿಸಿ ಮಾಡುತ್ತಿದ್ದರು, ಈಗ ಕಾರ್ಬನ್ ನಾರಿನವು. ದಡದಲ್ಲಿ ಮರ, ಹಿಂದೆ ಗುಡ್ಡ ಇದ್ದರೆ ಹಿಂದಕ್ಕೆ ಬೀಸೋದಕ್ಕೆ ಜಾಗವೇ ಇರಲ್ಲ ಅಲ್ವಾ? ಸ್ಪೇ ಹೊಳೆಯ ದಡದ ಜನ ಅದಕ್ಕೊಂದು ದಾರಿ ಮಾಡಿಕೊಂಡರು. ಹಗ್ಗದ ತುದಿಯನ್ನು ನೀರಿನ ಮೇಲೇ ಊರಿ, ಪಕ್ಕದಲ್ಲಿ ಒಂದು ಸುತ್ತು ತಿರುಗಿಸಿ, ಹಿಂದೆ ಹೋಗದೆಯೇ ಮುಂದಕ್ಕೆ ಉರುಳಿಸಿಬಿಡೋದು. ಆ ಹೊಳೆಯ ಹೆಸರಿನಿಂದಲೇ ಅದು ಸ್ಪೇ ಕಾಸ್ಟ್ ಆಯಿತು.

ನಮ್ಮ ಕಾಡುಕೋಳಿಯ ಗರಿ

ಕಾಫಿ ತೋಟದಲ್ಲಿ ಬೆಳಗ್ಗೆ ಕೂಗುವ ಬೂದು ಕಾಡುಕೋಳಿ ಗೊತ್ತಲ್ಲ. ಹುಂಜದ ಕುತ್ತಿಗೆಯ ಗರಿಗಳ ಮೇಲೆ ಮೇಣ ಸವರಿದ ಹಾಗೆ ಹೊಳೆಯುವ ಬಿಳಿ, ಹಳದಿ ಚುಕ್ಕೆ ಇರುತ್ತದೆ. ಸ್ಕಾಟ್ಲೆಂಡಿನ ಹಳೆಯ ಸಾಲ್ಮನ್ ಫ್ಲೈಗಳ ಎರಡು ಬದಿಗೆ ಕಣ್ಣಿನಂತೆ ಕಟ್ಟುತ್ತಿದ್ದದ್ದು ಇದೇ ಗರಿ. ಈ ಹಕ್ಕಿ ಭಾರತ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬ್ರಿಟಿಷರ ಸಾಮ್ರಾಜ್ಯದ ಮೂಲೆಮೂಲೆಯಿಂದ ಬಣ್ಣದ ಗರಿ ಲಂಡನ್ನಿಗೆ ಹೋಗುತ್ತಿತ್ತು, ಅದರಲ್ಲಿ ಇದೂ ಒಂದು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಕೋಳಿಯನ್ನು ಕಾಯುತ್ತದೆ. ಅಲ್ಲಿಯವರು ಸಾಕಿದ ಹಕ್ಕಿಗಳ ಗರಿ ಬಳಸುತ್ತಾರೆ, ಇಲ್ಲವೇ ಪ್ಲಾಸ್ಟಿಕ್ಕಿನ ನಕಲು ಅಂಟಿಸುತ್ತಾರೆ. ಆದ್ದರಿಂದ ‘ಒಂದಿಷ್ಟು ಗರಿ ಕಳಿಸಿ’ ಅಂತ ಯಾರಾದರೂ ಕೇಳಿದರೆ ಕಳಿಸಬೇಡಿ, ಅದು ಅಪರಾಧ.

ಗರಿಯ ಹುಚ್ಚು ಎಲ್ಲಿಯವರೆಗೆ ಹೋಗಬಹುದು ಅಂದರೆ, 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನ ಪ್ರಕೃತಿ ಮ್ಯೂಸಿಯಂಗೆ ನುಗ್ಗಿ ಒಬ್ಬ ಸಂಗೀತದ ವಿದ್ಯಾರ್ಥಿ 299 ಹಕ್ಕಿ ಚರ್ಮಗಳನ್ನು ಕದ್ದ. ವಿಜ್ಞಾನಿಗಳು ನೂರು ನೂರೈವತ್ತು ವರ್ಷದ ಹಿಂದೆ ಸಂಗ್ರಹಿಸಿದ್ದವೂ ಅದರಲ್ಲಿದ್ದವು. ಹಳೆಯ ಕಾಲದ ಸಾಲ್ಮನ್ ಫ್ಲೈ ಕಟ್ಟೋದಕ್ಕೆ, ಕಟ್ಟುವವರಿಗೆ ಮಾರೋದಕ್ಕೆ. ಆ ಫ್ಲೈಗಳಲ್ಲಿ ಬಹಳಷ್ಟು ನೀರಿಗೆ ಇಳಿಯೋದೇ ಇಲ್ಲ, ಗಾಜಿನ ಚೌಕಟ್ಟಿನಲ್ಲಿ ಗೋಡೆ ಮೇಲೆ ಇರುತ್ತವೆ.

ಹಿಡಿದು ಬಿಡೋದು

ಇದು ಹೊಟ್ಟೆಪಾಡಲ್ಲ, ಆಟ. ಅದನ್ನು ಮುಚ್ಚಿಡೋದರಲ್ಲಿ ಅರ್ಥವಿಲ್ಲ. ಬಿಡೋದಕ್ಕೆ ಕಾರಣ, ಮೀನು ಕಮ್ಮಿಯಾಗಿರೋದು. ಅಣೆಕಟ್ಟು, ಹೂಳು, ಬಿಸಿಯಾಗುತ್ತಿರುವ ಸಮುದ್ರ, ಸಾಕಣೆ ಪಂಜರಗಳಿಂದ ಹರಡುವ ಹೇನು, ಕಾರಣಗಳು ಹಲವು. 2023ರಲ್ಲಿ, ಯಾವ ಜೀವಿಗೆ ಎಷ್ಟು ಅಪಾಯ ಅಂತ ಜಗತ್ತಿಗೆಲ್ಲ ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ ಅಳಿವಿನ ಅಂಚಿನ ಜೀವಿಗಳ ಸಾಲಿಗೆ ಸೇರಿತು. ಸ್ಕಾಟ್ಲೆಂಡಿನಲ್ಲಿ 2016ರಿಂದ ಪ್ರತಿವರ್ಷ ಹೊಳೆಗಳಿಗೆ ದರ್ಜೆ ಕೊಡುತ್ತಾರೆ. ಕೆಳದರ್ಜೆಯ ಹೊಳೆಯಲ್ಲಿ ಸಿಕ್ಕ ಸಾಲ್ಮನ್ ಬಿಡಲೇಬೇಕು, ಅದು ಕಾನೂನು. ಉಳಿದ ಕಡೆಯೂ ಸೇರಿಸಿದರೆ ಅಲ್ಲಿ ಹಿಡಿದ ನೂರರಲ್ಲಿ 90ಕ್ಕಿಂತ ಜಾಸ್ತಿ ಮೀನು ವಾಪಸ್ ನೀರಿಗೆ ಹೋಗುತ್ತವೆ. ಮೊಟ್ಟೆ ಇಡೋದಕ್ಕೆ ಬಂದ ಮೀನು, ಇಡಲಿ ಅಂತ.

ಬಿಟ್ಟ ಮೀನೆಲ್ಲ ಬದುಕುತ್ತವಾ? ಇಲ್ಲ, ಕೆಲವು ಸಾಯುತ್ತವೆ. ಎಷ್ಟು ಬದುಕುತ್ತವೆ ಅನ್ನೋದು ಹಿಡಿದವರ ಕೈಯಲ್ಲಿದೆ, ನೀರಿನ ಬಿಸಿಯಲ್ಲೂ ಇದೆ. 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 25 ಡಿಗ್ರಿಗೆ ಬಂದರೆ ಅದು ಸುಮಾರು 8ಕ್ಕೆ ಇಳಿಯುತ್ತದೆ. ಬಿಸಿ ನೀರಿನಲ್ಲಿ ಮೀನಿನ ಮೈಗೆ ಬೇಕಾಗುವ ಆಮ್ಲಜನಕ ಮಾತ್ರ ಏರುತ್ತದೆ. ಸಿಗೋದು ಕಮ್ಮಿ, ಬೇಕಾಗೋದು ಜಾಸ್ತಿ. ಎಳೆದಾಡಿ ಸುಸ್ತಾದ ಮೀನು ಅಂಥ ನೀರಿನಲ್ಲಿ ಚೇತರಿಸಿಕೊಳ್ಳೋದು ಕಷ್ಟ. ಅದಕ್ಕೇ ನೀರು 20 ಡಿಗ್ರಿ ಮುಟ್ಟುವ ಹೊತ್ತಿಗೆ ತಿಳಿದವರು ಕೋಲು ಮಡಚುತ್ತಾರೆ. ಉಳಿದಂತೆ ನಿಯಮ ಸರಳ: ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಮುಳ್ಳು ಇರಬಾರದು, ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು (ಒಣ ಕೈಗೆ ಮೀನಿನ ಲೋಳೆ ಕಿತ್ತುಬರುತ್ತದೆ), ಆದಷ್ಟೂ ನೀರಿನಲ್ಲೇ ಇಟ್ಟುಕೊಂಡು ಕೊಕ್ಕೆ ಬಿಡಿಸಬೇಕು, ಹರಿವಿಗೆ ಮುಖ ಮಾಡಿ ಹಿಡಿದು ಅದು ತಾನಾಗಿ ಈಜಿಹೋಗುವವರೆಗೆ ಕಾಯಬೇಕು. ಫೋಟೋಗೆ ಅಂತ ನಿಮಿಷಗಟ್ಟಲೆ ಎತ್ತಿ ಹಿಡಿಯೋದು ಮೀನಿಗೆ ಒಳ್ಳೆಯದಲ್ಲ, ವಿಡಿಯೋ ಕಳಿಸುವ ಮಕ್ಕಳಿಗೆ ಇದನ್ನು ಹೇಳಬಹುದು.

ಸುಮ್ನೆ ಆಟಕ್ಕೆ ಮೀನಿಗೆ ನೋವು ಕೊಡೋದು ಸರಿಯಾ ಎಂಬ ಪ್ರಶ್ನೆ ಅಲ್ಲಿಯೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯೋದಕ್ಕೆ ಕಾನೂನು ಒಪ್ಪಲ್ಲ. ಒಂದು ದೇಶದಲ್ಲಿ ಬಿಡದಿದ್ದರೆ ತಪ್ಪು, ಇನ್ನೊಂದರಲ್ಲಿ ಬಿಡೋದಕ್ಕೇ ಹಿಡಿದರೆ ತಪ್ಪು.

ಹೇಮಾವತಿಯಲ್ಲಿ, ಭದ್ರೆಯಲ್ಲಿ ಆಗಲ್ವಾ?

ಸಾಲ್ಮನ್, ಟ್ರೌಟ್ ಆಗಲ್ಲ. ನೀರು ಬಿಸಿ. ಬ್ರಿಟಿಷರು ದಕ್ಷಿಣದಲ್ಲಿ ಟ್ರೌಟ್ ಬೆಳೆಸೋದಕ್ಕೆ ನೀಲಗಿರಿ ಹತ್ತಿದರು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಕೈಗೂಡಲಿಲ್ಲ. 1900ರ ನಂತರದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ರೈನ್‌ಬೋ ಟ್ರೌಟನ್ನು ಅಲ್ಲಿ ನೆಲೆಗೊಳಿಸಿದರು. ಊಟಿಯ ಅವಲಾಂಚಿಯ ಮರಿ ಸಾಕಣೆ ಕೇಂದ್ರ ಆಗಿನದೇ. ಮುನ್ನಾರಿನ ಎತ್ತರದ ಹಳ್ಳಗಳಲ್ಲೂ ಟ್ರೌಟ್ ಇದೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ, ನಿಜ. ಆದರೆ ತುದಿಯ ಎತ್ತರದಿಂದ ಮೀನಿಗೆ ಏನೂ ಬರಲ್ಲ. ವರ್ಷವಿಡೀ ಹರಿಯುವ ಹೊಳೆ ಅಷ್ಟು ಎತ್ತರದಲ್ಲಿ ಇರಬೇಕು, ನಮ್ಮಲ್ಲಿ ಹೊಳೆ ಹೊಳೆಯಾಗುವ ಹೊತ್ತಿಗೆ ಬಹಳ ಕೆಳಗೆ ಇಳಿದಿರುತ್ತದೆ.

ನಮ್ಮ ಹೊಳೆಗಳ ದೊಡ್ಡ ಮೀನು ಮಹಶೀರ್. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ ಮುತ್ತುವ ದೇವರ ಮೀನುಗಳಲ್ಲಿ ಇರೋದು ಅದೇ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೂ ಹಾಗೇ ರಕ್ಷಣೆ ಇದೆ. ಮಹಶೀರ್ ಹಣ್ಣು, ಏಡಿ, ಸಣ್ಣ ಮೀನು ಎಲ್ಲ ತಿನ್ನುತ್ತದೆ, ಫ್ಲೈಗೂ ಬಾಯಿ ಹಾಕುತ್ತದೆ. ಕಾವೇರಿಯಲ್ಲಿ ಭೀಮೇಶ್ವರಿ ಕಡೆ ಹಿಂದೆ ರಾಗಿ ಉಂಡೆ ಕಟ್ಟಿ ಇದನ್ನು ಹಿಡಿದು ಬಿಡುವ ಕ್ಯಾಂಪುಗಳಿದ್ದವು, ವನ್ಯಜೀವಿಧಾಮದ ಒಳಗಾದ್ದರಿಂದ ನಿಂತವು. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಗೂನು ಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಅದು ಐಯುಸಿಎನ್‌ನ ತೀವ್ರ ಅಪಾಯದ ಪಟ್ಟಿಗೂ ಸೇರಿತು. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಹಾಕುವ ಹಾಗಿಲ್ಲ. ಹೋಮ್‌ಸ್ಟೇಯವರು ‘ಫಿಶಿಂಗ್ ಇದೆ’ ಅಂದರೆ ಜಾಗ ಯಾವುದು, ಅನುಮತಿ ಇದೆಯಾ ಅಂತ ಕೇಳಿ. ಸ್ವಂತ ಕೆರೆಯಾದರೆ ಆ ಮಾತು ಬೇರೆ.

ಮಕ್ಕಳನ್ನು ನೋಡೋದಕ್ಕೆ ಹೋದಾಗ

ಅಲ್ಲಿ ಹೊಳೆಗೆ ಇಳಿಯುವ ಮೊದಲು ಕಾಗದಪತ್ರ ಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಉಬ್ಬರ ಮುಟ್ಟುವ ನೀರಿಗೆ ಕೇಂದ್ರ ಸರ್ಕಾರದ ಲೈಸೆನ್ಸ್, ಅದರ ಮೇಲಿನ ಸಿಹಿನೀರಿಗೆ ಪ್ರಾಂತ್ಯದ ಲೈಸೆನ್ಸ್. ಒಂದೇ ಹೊಳೆಗೆ ಎರಡು ಬೇರೆ ಬೇರೆ ಕಾನೂನು, ಗಡಿ ಎಲ್ಲಿ ಅಂತ ನೋಡಿಕೊಂಡೇ ನಿಲ್ಲಬೇಕು. ಅಲ್ಲಿಯ ಹೊಳೆಗಳಲ್ಲಿ ಮುಳ್ಳಿಲ್ಲದ ಒಂಟಿ ಕೊಕ್ಕೆ ಕಡ್ಡಾಯ. ಇಂಗ್ಲೆಂಡಿನಲ್ಲಿ ಕೋಲಿಗೇ ಲೈಸೆನ್ಸ್. ಸ್ಕಾಟ್ಲೆಂಡಿನಲ್ಲಿ ಅಂಥ ಲೈಸೆನ್ಸ್ ಇಲ್ಲ, ಆದರೆ ಸಾಲ್ಮನ್ ಹಿಡಿಯುವ ಹಕ್ಕು ಖಾಸಗಿಯವರದ್ದು, ಅವರ ಒಪ್ಪಿಗೆ ಪತ್ರ ಬೇಕು. ಭಾನುವಾರ ಅಲ್ಲಿ ಸಾಲ್ಮನ್, ಸೀ ಟ್ರೌಟ್ ಹಿಡಿಯುವ ಹಾಗೇ ಇಲ್ಲ.

ಒಂದು ದೇಶದಲ್ಲಿ ಬಳಸಿದ ಬೂಟು, ಬಲೆ, ಕೋಲನ್ನು ಹಾಗೇ ಇನ್ನೊಂದು ದೇಶದ ಹೊಳೆಗೆ ಇಳಿಸಬಾರದು. ನಾರ್ವೆಯಲ್ಲಿ 1970ರ ದಶಕದಿಂದ ಬರಿಗಣ್ಣಿಗೆ ಕಾಣದ ಒಂದು ಪರಾವಲಂಬಿ ಹುಳ ಹೊಳೆ ಹೊಳೆಗಳ ಸಾಲ್ಮನ್ ಮರಿಗಳನ್ನೇ ಮುಗಿಸಿತು. ಬ್ರಿಟನ್ನಿಗೆ ಅದು ಇನ್ನೂ ಬಂದಿಲ್ಲ, ಬರಬಾರದು ಅಂತ ಹೊರಗಿನಿಂದ ಬರುವವರ ಸಾಮಾನಿಗೆ ಔಷಧಿ ಹಾಕಿಸುತ್ತಾರೆ. ನ್ಯೂಜಿಲೆಂಡಿನಲ್ಲಿ ಉಣ್ಣೆಯಂಥ ಅಡಿ ಇರುವ ಬೂಟುಗಳನ್ನು 2008ರಲ್ಲೇ ನಿಷೇಧಿಸಿದರು, ಡಿಡಿಮೋ ಎಂಬ ಪಾಚಿ ಅದರ ಎಳೆಗಳಲ್ಲಿ ಕೂತು ಹೊಳೆಯಿಂದ ಹೊಳೆಗೆ ಹೋಗುತ್ತದೆ ಅಂತ. ಬಾಡಿಗೆಗೆ ಸಿಗುವ ಬೂಟು ಹಾಕಿಕೊಂಡರೆ ಈ ತಲೆಬಿಸಿ ಇರೋದಿಲ್ಲ. ಸ್ವಂತದ್ದನ್ನೇ ಒಯ್ಯೋದಾದರೆ ತೊಳೆದು, ಪೂರ್ತಿ ಒಣಗಿಸಿ, ವಿಮಾನ ನಿಲ್ದಾಣದ ಫಾರಂನಲ್ಲಿ ಬರೆದು ತೋರಿಸಿ.